ತಾರೀಖು ಮತ್ತು ತಾರೀಖ್

ಯುದ್ಧದ ಸಿನಿಮಾ ನೋಡಿ ಥೇಟರಿನಿಂದ ಹೊರಬರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಒಂದೇ: 'ಇದೆಲ್ಲ ನಿಜವಾಗಿ ನಡೆದದ್ದೇ?' ಪ್ರೇಮಕಥೆ ನೋಡಿದವರು ಹೀಗೆ ಕೇಳುವುದಿಲ್ಲ. ಅಲ್ಲಿ ಎರಡು ಗಂಟೆ ನಂಬಿಕೆ ಬಂದರೆ ಸಾಕು. ಯುದ್ಧದ ವಿಷಯ ಹಾಗಲ್ಲ. ಅಲ್ಲಿ ಸತ್ತವರಿದ್ದಾರೆ, ಅವರಿಗೆ ತಾಯಂದಿರಿದ್ದರು. ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಬಾರದೆಂಬ ಅಳುಕು ಟಿಕೆಟ್ ಕೊಂಡು ಕೂತ ಪ್ರೇಕ್ಷಕನಲ್ಲೂ ಎಲ್ಲೋ ಒಂದು ಕಡೆ ಉಳಿದಿರುತ್ತದೆ. ಅದು ಒಳ್ಳೆಯ ಅಳುಕು.

ನಾನು ಮೊದಲು ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಚರಿತ್ರೆಯ ಪಾಠಕ್ಕೆ 'ತಾರೀಖ್' ಎನ್ನುತ್ತಿದ್ದರು. ಆಮೇಲೆ ಕನ್ನಡ ಶಾಲೆಗೆ ಸೇರಿದಾಗ ಅದೇ ಪದ ಕ್ಯಾಲೆಂಡರಿನ ಚೌಕದೊಳಗೆ ಬಂದು ಕೂತಿತು. ಕನ್ನಡದಲ್ಲಿ ತಾರೀಖು ಎಂದರೆ ದಿನಾಂಕ ಮಾತ್ರ. ಉರ್ದುವಿನಲ್ಲಿ ಎರಡೂ ಅರ್ಥಗಳು ಒಂದೇ ಪದದಲ್ಲಿ ಜೊತೆಯಾಗಿ ಬಾಳುತ್ತವೆ. ಯುದ್ಧದ ಸಿನಿಮಾಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಪದವೇ ನೆನಪಾಗುತ್ತದೆ. ತಾರೀಖು ಸರಿಯಿದ್ದು ತಾರೀಖ್ ತಪ್ಪಾಗಿರುವ ಚಿತ್ರಗಳಿವೆ. ಸಣ್ಣಪುಟ್ಟ ವಿವರ ತಪ್ಪಿದ್ದರೂ ಚರಿತ್ರೆಗೆ ನಿಷ್ಠವಾಗಿರುವ ಚಿತ್ರಗಳೂ ಇವೆ. ನಾವು ಸಾಮಾನ್ಯವಾಗಿ ಟ್ಯಾಂಕಿನ ಮಾದರಿ, ಸಮವಸ್ತ್ರದ ಗುಂಡಿ, ಬಂದೂಕಿನ ಹೆಸರು ಹಿಡಿದು ಜಗಳವಾಡುತ್ತೇವೆ. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಪರದೆಯ ಮೇಲೆ ಯಾರಿದ್ದಾರೆ, ಯಾರಿಲ್ಲ?

2017ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್ ಅವರ 'ಡಂಕರ್ಕ್' ಚಿತ್ರವನ್ನೇ ನೋಡಿ. 1940ರಲ್ಲಿ ಜರ್ಮನ್ ಸೇನೆ ಮುತ್ತಿಗೆ ಹಾಕಿದಾಗ ಫ್ರಾನ್ಸಿನ ಆ ಕಡಲತೀರದಿಂದ ಸುಮಾರು 3,38,000 ಸೈನಿಕರನ್ನು ಹಡಗು, ದೋಣಿಗಳಲ್ಲಿ ಪಾರುಮಾಡಿದ ಕಥೆ ಅದು. ಆ ಚಿತ್ರದಲ್ಲಿ ಜರ್ಮನ್ ವಿಮಾನಗಳ ಮೂತಿಗೆ ಹಳದಿ ಬಣ್ಣವಿದೆ. ನಿಜಕ್ಕೂ ಆ ಬಣ್ಣ ಬಳಿಯಲು ಶುರುಮಾಡಿದ್ದು ಕೆಲವು ವಾರಗಳ ನಂತರ. ಆಕಾಶದಲ್ಲಿ ಯಾವುದು ಯಾರ ವಿಮಾನವೆಂದು ಪ್ರೇಕ್ಷಕರಿಗೆ ಗೊತ್ತಾಗಲೆಂದು ನಿರ್ದೇಶಕರು ಬೇಕೆಂದೇ ಹಾಗೆ ಮಾಡಿದರು. ಇದು ತಾರೀಖಿನ ತಪ್ಪು. ಇದರಿಂದ ಯಾರಿಗೂ ನಷ್ಟವಿಲ್ಲ.

ಆದರೆ ಆ ತೀರದಲ್ಲಿ ನಮ್ಮ ಉಪಖಂಡದವರೂ ಇದ್ದರು. ಬ್ರಿಟಿಷ್ ಸೇನೆ ಆ ಹೊತ್ತಿಗೆ ಲಾರಿಗಳನ್ನು ನಂಬಿ ಕುದುರೆ, ಹೇಸರಗತ್ತೆಗಳನ್ನು ಬಹುಪಾಲು ಬಿಟ್ಟಿತ್ತು. ಫ್ರಾನ್ಸಿನ ಚಳಿಗಾಲದ ಕೆಸರಿನಲ್ಲಿ ಸಾಮಾನು ಸಾಗಿಸಲು ಮತ್ತೆ ಹೇಸರಗತ್ತೆಗಳೇ ಬೇಕಾದವು. 1939ರ ಡಿಸೆಂಬರಿನಲ್ಲಿ ಹಿಂದೂಸ್ತಾನದಿಂದ ನಾಲ್ಕು ಕಂಪೆನಿಗಳು ಪ್ರಾಣಿಗಳ ಸಮೇತ ಮಾರ್ಸೇ ಬಂದರಿಗೆ ಬಂದಿಳಿದವು. ಅವರಲ್ಲಿ ಹೆಚ್ಚಿನವರು ಪಂಜಾಬಿನ ಮುಸ್ಲಿಮರು. ಸೋತು ಹಿಂದೆಸರಿಯುವಾಗ ಪ್ರಾಣಿಗಳನ್ನು ಅಲ್ಲೇ ಬಿಡಬೇಕಾಯಿತು. ಒಂದು ಕಂಪೆನಿ ಜರ್ಮನರ ಸೆರೆಗೆ ಬಿತ್ತು. ಉಳಿದವರು ಪಾರಾಗಿ ಇಂಗ್ಲೆಂಡ್ ಸೇರಿದರು. ಚಿತ್ರದಲ್ಲಿ ಅವರ ಒಂದು ಮುಖವೂ ಕಾಣುವುದಿಲ್ಲ.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಮೂರು ಲಕ್ಷಕ್ಕೂ ಮೀರಿದ ಜನರ ನಡುವೆ ಅವರು ಬಹಳ ಸಣ್ಣ ಸಂಖ್ಯೆ. ಕ್ಯಾಮೆರಾ ಒಂದು ತೀರದ ಎಲ್ಲರನ್ನೂ ತೋರಿಸಲಾರದು. ಒಂದು ಚಿತ್ರ ಬಿಟ್ಟರೆ ಅದು ಆಯ್ಕೆ ಎನ್ನಬಹುದು. ಆದರೆ ಎಪ್ಪತ್ತೆಂಬತ್ತು ವರ್ಷ, ಚಿತ್ರದ ಮೇಲೆ ಚಿತ್ರ, ಅದೇ ಜನರನ್ನೇ ಬಿಡುತ್ತ ಬಂದರೆ ಅದಕ್ಕೆ ಏನೆನ್ನಬೇಕು?

ಪರದೇಶದವರ ಲೋಪ ಎಣಿಸುವುದು ಸುಲಭ. ನಮ್ಮ ಮನೆಯದ್ದನ್ನೂ ನೋಡೋಣ. 1997ರಲ್ಲಿ ಜೆ.ಪಿ. ದತ್ತಾ ಅವರ 'ಬಾರ್ಡರ್' ಬಂದಾಗ ನಾನು ಕಾಲೇಜು ಹುಡುಗ. ಊರಿನ ಟಾಕೀಸಿನಲ್ಲಿ ಶಿಳ್ಳೆ, ಚಪ್ಪಾಳೆ, ಜೈಕಾರ. ನಾನೂ ಚಪ್ಪಾಳೆ ತಟ್ಟಿದೆ, ತಟ್ಟುವಂಥ ಚಿತ್ರವೇ ಅದು. ಆದರೆ ಇಂಥ ಸಿನಿಮಾಗಳಲ್ಲಿ ಮುಸ್ಲಿಂ ಹುಡುಗನೊಬ್ಬ ಎರಡು ಪರದೆಗಳನ್ನು ನೋಡುತ್ತಿರುತ್ತಾನೆ. ಒಂದು ಎದುರಿಗಿರುವುದು. ಇನ್ನೊಂದು ಅಕ್ಕಪಕ್ಕದವರ ಮುಖ. ಶತ್ರು ಸೈನಿಕ 'ಅಲ್ಲಾಹು ಅಕ್ಬರ್' ಎಂದು ಕೂಗುತ್ತ ಬಂದಾಗ ಪಕ್ಕದ ಸೀಟಿನಲ್ಲಿ ಕೂತವನು ನನ್ನ ಕಡೆ ತಿರುಗಿದನೋ ಇಲ್ಲವೋ ಎಂದು ಕತ್ತಲಲ್ಲೇ ಓರೆಗಣ್ಣಿನಿಂದ ನೋಡುವ ಅಭ್ಯಾಸ ಅದು. ಅವನು ತಿರುಗಿರಲಿಲ್ಲ. ಅವನು ನನ್ನ ಸಹಪಾಠಿ, ಬಿಡುವಿನಲ್ಲಿ ಕಡಲೆಕಾಯಿ ಕೊಡಿಸಿದವನೂ ಅವನೇ. ಆದರೂ ಆ ಅಭ್ಯಾಸ ಸುಲಭವಾಗಿ ಬಿಟ್ಟುಹೋಗುವಂಥದ್ದಲ್ಲ.

'ಬಾರ್ಡರ್' ಹೇಳುವುದು 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯಲ್ಲಿ ನಡೆದ ಕಾಳಗವನ್ನು. ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ನೇತೃತ್ವದ ಸುಮಾರು 120 ಜನರ ತುಕಡಿ ಟ್ಯಾಂಕುಗಳ ದಂಡನ್ನು ಬೆಳಗಿನವರೆಗೆ ತಡೆದು ನಿಲ್ಲಿಸಿತು. ಬೆಳಕು ಹರಿಯುತ್ತಲೇ ಜೈಸಲ್ಮೇರಿನಿಂದ ಹಾರಿಬಂದ ವಾಯುಪಡೆಯ ಹಂಟರ್ ವಿಮಾನಗಳು ಟ್ಯಾಂಕುಗಳನ್ನು ಧ್ವಂಸಮಾಡಿದವು. ಠಾಣೆಯನ್ನು ಕಾದವರಲ್ಲಿ ಸತ್ತವರು ಇಬ್ಬರು. ಸಿನಿಮಾದಲ್ಲಾದರೋ ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಸುನೀಲ್ ಶೆಟ್ಟಿ ವಹಿಸಿದ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಪಾತ್ರವೂ ಹುತಾತ್ಮವಾಗುತ್ತದೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ಕಾಳಗದಿಂದ ಬದುಕಿ ಬಂದರು, ನಿವೃತ್ತರಾದರು, ಪರದೆಯ ಮೇಲಿನ ತಮ್ಮ ಸಾವಿನ ನಂತರ ಇಪ್ಪತ್ತೈದು ವರ್ಷ ಬಾಳಿ 2022ರ ಡಿಸೆಂಬರಿನಲ್ಲಿ ಜೋಧಪುರದಲ್ಲಿ ತೀರಿಕೊಂಡರು.

ಬದುಕಿರುವ ಸೈನಿಕನನ್ನು ಸಿನಿಮಾ ಯಾಕೆ ಸಾಯಿಸಬೇಕು? ಕತೆ ಬರೆಯುವವನಾಗಿ ನನಗೆ ಉತ್ತರ ಗೊತ್ತು: ಸಾವು ಕಣ್ಣೀರು ತರುತ್ತದೆ. 120 ಜನ ಒಂದು ರಾತ್ರಿಯೆಲ್ಲ ಟ್ಯಾಂಕುಗಳೆದುರು ಕದಲದೆ ಕೂತು, ಇಬ್ಬರನ್ನು ಬಿಟ್ಟು ಎಲ್ಲರೂ ಉಳಿದರು ಎಂಬ ನಿಜ ಸುಳ್ಳಿಗಿಂತ ದೊಡ್ಡದು. ಆದರೆ ಅದನ್ನು ತೋರಿಸಲು ಬೇರೆಯೇ ತಾಳ್ಮೆ ಬೇಕು. ಬದುಕುಳಿದ ಧೈರ್ಯಕ್ಕೆ ನಮ್ಮ ಸಿನಿಮಾಗಳಲ್ಲಿ ಬೆಲೆ ಕಡಿಮೆ.

ಇನ್ನು ಎಲ್ಲರೂ ಮೆಚ್ಚಿದ ಹಳೆಯ ಚಿತ್ರವೊಂದಕ್ಕೆ ಬರುತ್ತೇನೆ. 1962ರ 'ಲಾರೆನ್ಸ್ ಆಫ್ ಅರೇಬಿಯಾ'. ಮೊದಲ ಮಹಾಯುದ್ಧದಲ್ಲಿ ತುರ್ಕಿಯ ವಿರುದ್ಧ ಎದ್ದ ಅರಬರ ಬಂಡಾಯ ಮತ್ತು ಅವರೊಡನಿದ್ದ ಬ್ರಿಟಿಷ್ ಅಧಿಕಾರಿ ಲಾರೆನ್ಸ್‌ನ ಕಥೆ. ಡೇವಿಡ್ ಲೀನ್ ತೋರಿಸಿದಂಥ ಮರುಭೂಮಿಯನ್ನು ಇನ್ನೊಬ್ಬರು ತೋರಿಸಿಲ್ಲವೆಂದು ನಾನೂ ಒಪ್ಪುತ್ತೇನೆ. ಮೂರೂವರೆ ಗಂಟೆಗೂ ಮೀರಿದ ಆ ಚಿತ್ರದಲ್ಲಿ ಹೆಂಗಸೊಬ್ಬಳು ಒಂದು ಮಾತೂ ಆಡುವುದಿಲ್ಲ. ಆದರೆ ನನ್ನ ತಕರಾರು ಕೊನೆಯ ಭಾಗದ ಮೇಲೆ. ದಮಾಸ್ಕಸ್ಸಿಗೆ ಬಂದ ಅರಬರು ಸಭೆ ಸೇರಿ ಕಚ್ಚಾಡುತ್ತಾರೆ. ನೀರು, ವಿದ್ಯುತ್ತು, ಆಸ್ಪತ್ರೆ ಯಾವುದನ್ನೂ ನಡೆಸಲಾಗದೆ ನಗರ ಬಿಟ್ಟು ಮರುಭೂಮಿಗೆ ಮರಳುತ್ತಾರೆ. ಈ ಜನ ಆಳಲಾರರು ಎಂಬ ಭಾವನೆ ಹೊತ್ತು ಪ್ರೇಕ್ಷಕ ಮನೆಗೆ ಹೋಗುತ್ತಾನೆ. ನಡೆದದ್ದು ಹಾಗಲ್ಲ. 1918ರ ಅಕ್ಟೋಬರಿನಲ್ಲಿ ಫೈಸಲ್‌ರ ಹೆಸರಿನಲ್ಲಿ ಅಲ್ಲಿ ಅರಬ್ ಆಡಳಿತ ಆರಂಭವಾಯಿತು. 1920ರ ಮಾರ್ಚಿನಲ್ಲಿ ಸಿರಿಯಾದ ಪ್ರತಿನಿಧಿ ಸಭೆ ಅವರನ್ನು ದೊರೆಯೆಂದು ಘೋಷಿಸಿತು. ಅದೇ ವರ್ಷ ಜುಲೈನಲ್ಲಿ ಮೈಸಲೂನಿನ ಯುದ್ಧದಲ್ಲಿ ಅರಬರನ್ನು ಸೋಲಿಸಿ ಆ ಸರ್ಕಾರವನ್ನು ಉರುಳಿಸಿದ್ದು ಫ್ರೆಂಚ್ ಸೇನೆ. ಆಳಲಾಗದೆ ಹೋದವರಲ್ಲ ಅವರು, ಆಳಲು ಬಿಡದವರಿದ್ದರು. ಇದು ದಿನಾಂಕದ ತಪ್ಪಲ್ಲ. ಒಂದು ಜನಾಂಗದ ಬಗೆಗಿನ ತೀರ್ಪು.

ಆ ಚಿತ್ರದಲ್ಲಿ ಬರುವ ಜನರಲ್ ಅಲೆನ್ಬಿಯ ಸೇನೆಯಲ್ಲಿ ನಮ್ಮ ನಾಡಿನವರೂ ಇದ್ದರೆಂಬುದು ಎಷ್ಟು ಜನಕ್ಕೆ ಗೊತ್ತು? 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದದ್ದು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಇವರ ಕೈಯಲ್ಲಿ ಭರ್ಜಿ, ಕತ್ತಿ. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಹತ್ತಿದ್ದು ಮೈಸೂರು ಲ್ಯಾನ್ಸರ್ಸ್‌ನ ಸವಾರರು. ಬೆಂಗಳೂರಿನ ಜೆ.ಸಿ. ನಗರದ ಬಳಿ ಅವರ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಸವಾರರ ನೆನಪಿಗೆ ನಿಂತವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು.

ಈ ಸವಾರರಲ್ಲಿ ಮುಸ್ಲಿಮರೂ ಇದ್ದರು. ಎದುರಿಗಿದ್ದದ್ದು ಉಸ್ಮಾನಿ ಸೇನೆ. ಅದರ ಸುಲ್ತಾನ ಆಗ ಲೋಕದ ಬಹುಪಾಲು ಸುನ್ನಿ ಮುಸ್ಲಿಮರು ಖಲೀಫ ಎಂದು ಗೌರವಿಸುತ್ತಿದ್ದ ವ್ಯಕ್ತಿ. ಮಹಾರಾಜರ ಉಪ್ಪು, ಆಂಗ್ಲರ ಆಜ್ಞೆ, ಖಲೀಫನ ಬಾವುಟ ಈ ಮೂರರ ನಡುವೆ ಕುದುರೆ ಓಡಿಸಿದವನ ಮನಸ್ಸಿಗಿಂತ ದೊಡ್ಡ ಕಥಾವಸ್ತು ಯಾವುದಿದೆ? ಆದರೆ ಅವನನ್ನು ಯಾವ ಚಿತ್ರವೂ ತನ್ನವನೆಂದು ಕರೆದುಕೊಳ್ಳುವುದಿಲ್ಲ. ಬ್ರಿಟಿಷರ ಕಥೆಗೆ ಅವನು ಕೂಲಿಯ ಸೈನಿಕ. ಅರಬರ ಕಥೆಗೆ ಪರಕೀಯ. ನಮ್ಮ ಇಂದಿನ ದೇಶಭಕ್ತಿಯ ಕಥೆಗೆ ಸ್ವಲ್ಪ ತೊಡಕಿನವನು. ನಮ್ಮವರೇ ಬರೆದರೂ ಅವನ ಮೇಲೆ ಒಂದೋ ಹಾರ ಹಾಕುತ್ತಾರೆ, ಇಲ್ಲವೇ ಕಲ್ಲು ಎಸೆಯುತ್ತಾರೆ.

ಹಾಗಾದರೆ ಸತ್ಯಕ್ಕೆ ಹತ್ತಿರವಾದ ಯುದ್ಧದ ಚಿತ್ರವೇ ಇಲ್ಲವೇ? ಇದೆ. ಗಿಲ್ಲೋ ಪೊಂಟೆಕೋರ್ವೋ ಅವರ 'ಬ್ಯಾಟಲ್ ಆಫ್ ಅಲ್ಜಿಯರ್ಸ್', 1966ರದು. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟ ರಾಜಧಾನಿಯ ಬೀದಿಗಿಳಿದ ಕಥೆ. ನೋಡಿದವರಿಗೆ ಸುದ್ದಿಚಿತ್ರವೆನಿಸುತ್ತದೆ. ನಿಜದಲ್ಲಿ ಅದರಲ್ಲಿ ಸುದ್ದಿಚಿತ್ರದ ಒಂದು ತುಣುಕೂ ಇಲ್ಲ, ಎಲ್ಲವೂ ಮತ್ತೆ ಆಡಿ ತೋರಿಸಿದ್ದು. ಫ್ರೆಂಚ್ ಕರ್ನಲ್ ಮ್ಯಾಥ್ಯೂ ಕಲ್ಪಿತ ಪಾತ್ರ. ನಾಯಕನ ಪಾತ್ರ ಮಾಡಿದವನು ಎಂದೂ ನಟಿಸಿರದ ಸಾಮಾನ್ಯ ಮನುಷ್ಯ. ಹೋರಾಟದ ಮುಖಂಡ ಸಾದಿ ಯಾಸೆಫ್ ಹೆಚ್ಚುಕಡಿಮೆ ತಮ್ಮದೇ ಪಾತ್ರ ವಹಿಸಿದ್ದಾರೆ. ಕಾಲೇಜಿನ ಸಭಾಂಗಣದಲ್ಲಿ ಚಿತ್ರಸಮಾಜದವರು ಅದನ್ನು ತೋರಿಸಿದ ದಿನ ಒಂದು ದೃಶ್ಯದಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದೆವು. ಅಲ್ಜೀರಿಯದ ಹೆಣ್ಣುಮಗಳು ಹೋಟೆಲಿನಲ್ಲಿ ಬಾಂಬಿಟ್ಟು ಎದ್ದುಹೋಗುವ ಮುನ್ನ ಕ್ಯಾಮೆರಾ ಅಲ್ಲಿ ಐಸ್‌ಕ್ರೀಂ ತಿನ್ನುತ್ತಿರುವ ಪುಟ್ಟ ಮಗುವನ್ನು ತೋರಿಸುತ್ತದೆ. ಅದಕ್ಕೂ ಮೊದಲು ಅರಬರ ಮನೆಗಳ ಮೇಲೆ ಬಿದ್ದ ಬಾಂಬನ್ನೂ ತೋರಿಸಿರುತ್ತದೆ. ಎರಡೂ ಕಡೆಯ ಹೆಣಗಳಿಗೆ ಒಂದೇ ಸಂಗೀತ.

ಆ ಚಿತ್ರದಲ್ಲಿ ಲಾರ್ಬಿ ಬೆನ್ ಮಹೀದಿ ಎಂಬ ನಾಯಕ ಸೆರೆಯಲ್ಲಿ ಸಾಯುತ್ತಾನೆ. ನೇಣು ಹಾಕಿಕೊಂಡ ಎಂದು ಸೇನೆ ಹೇಳುತ್ತದೆ. ಕೈಕಾಲು ಕಟ್ಟಿಹಾಕಿದ್ದವನು ನೇಣು ಹಾಕಿಕೊಂಡದ್ದು ಹೇಗೆಂದು ಪತ್ರಕರ್ತನೊಬ್ಬ ಕೇಳುತ್ತಾನೆ. ಬೆನ್ ಮಹೀದಿ ಸತ್ತದ್ದು 1957ರಲ್ಲಿ. ಸಿನಿಮಾ ಆ ಪ್ರಶ್ನೆ ಕೇಳಿದ್ದು 1966ರಲ್ಲಿ. ಅವರನ್ನು ತನ್ನ ಸೈನಿಕರೇ ಕೊಂದರೆಂದು ಫ್ರಾನ್ಸಿನ ಅಧ್ಯಕ್ಷರು ಅಧಿಕೃತವಾಗಿ ಒಪ್ಪಿಕೊಂಡದ್ದು 2024ರ ನವೆಂಬರ್ 1ರಂದು. ಸರ್ಕಾರದ ಕಡತಕ್ಕಿಂತ ಐವತ್ತೆಂಟು ವರ್ಷ ಮೊದಲೇ ಒಂದು ಕಟ್ಟುಕಥೆಯ ಚಿತ್ರ ಸರಿಯಾದ ಪ್ರಶ್ನೆ ಕೇಳಿತ್ತು. ಆದರೆ ಅದೂ ಎಲ್ಲವನ್ನೂ ಹೇಳಲಿಲ್ಲ. 1957ರಲ್ಲೇ ವಿಮೋಚನಾ ರಂಗದವರು ಪ್ರತಿಸ್ಪರ್ಧಿ ಬಣದ ಕಡೆಗಿದ್ದ ಮೆಲೂಝಾದ ಸುಮಾರು ಮುನ್ನೂರು ಹಳ್ಳಿಗರನ್ನು ಕೊಂದರು. ಕೊಂದವರೂ ಸತ್ತವರೂ ಅಲ್ಜೀರಿಯದ ಮುಸ್ಲಿಮರೇ. ಆ ಹಳ್ಳಿ ಚಿತ್ರದಲ್ಲಿಲ್ಲ.

ಇದನ್ನು ಹೇಳುವುದು ನಮಗೆ ಕಷ್ಟ, ಹಾಗಾಗಿಯೇ ಹೇಳಬೇಕು. 'ಲಯನ್ ಆಫ್ ದ ಡೆಸರ್ಟ್' ನಮ್ಮ ಮನೆಗಳಿಗೆ ಬಂದದ್ದು ಗಲ್ಫಿನಿಂದ ರಜೆಗೆ ಬಂದವರ ಕ್ಯಾಸೆಟ್ಟಿನಲ್ಲಿ. ಬಾಡಿಗೆಯ ವಿಸಿಆರ್, ಮಾಮುವಿನ ಮನೆಯ ಪಡಸಾಲೆ, ಪರದೆಯಾಚೆ ಹೆಂಗಸರು. ಮಕ್ಕಳಿಗೆ ಕುರ್‌ಆನ್ ಕಲಿಸುವ ಮುದಿ ಮೇಷ್ಟ್ರು ಉಮರ್ ಮುಖ್ತಾರ್ ಇಟಲಿಯ ಟ್ಯಾಂಕುಗಳೆದುರು ನಿಲ್ಲುವುದನ್ನು ನೋಡಿ ದೊಡ್ಡವರೂ ಅತ್ತರು. ಅವರು ಸೆರೆಸಿಕ್ಕ ಎಳೆಯ ಇಟಲಿ ಅಧಿಕಾರಿಯನ್ನು ಕೊಲ್ಲದೆ ಬಿಟ್ಟಾಗ ಅಜ್ಜನ ವಯಸ್ಸಿನವರೊಬ್ಬರು 'ಇದು ನಮ್ಮ ದೀನ್' ಎಂದರು. 1931ರ ಸೆಪ್ಟೆಂಬರ್ 16ರಂದು ಮುಖ್ತಾರರನ್ನು ಗಲ್ಲಿಗೇರಿಸಿದ್ದು ನಿಜ. ಲಿಬಿಯಾದ ಸುಮಾರು ಒಂದು ಲಕ್ಷ ಜನರನ್ನು ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಿ ಹತ್ತಾರು ಸಾವಿರ ಜನ ಸಾಯುವಂತೆ ಮಾಡಿದ್ದೂ ನಿಜ. 1982ರಲ್ಲಿ ಇಟಲಿ, ಸೇನೆಯ ಗೌರವಕ್ಕೆ ಧಕ್ಕೆಯೆಂದು ಚಿತ್ರವನ್ನು ತಡೆಯಿತು. ಅಲ್ಲಿನ ಟಿವಿಯಲ್ಲಿ ಅದು ಬಂದದ್ದು 2009ರಲ್ಲಿ.

ಆದರೆ ಚಿತ್ರಕ್ಕೆ ಹಣ ಹಾಕಿದ್ದು ಗದ್ದಾಫಿಯ ಸರ್ಕಾರ. ಮುಖ್ತಾರರು ಸನೂಸಿ ಪಂಥದ ಪ್ರತಿನಿಧಿಯಾಗಿ ಹೋರಾಡಿದವರು. ಆ ಪಂಥದ ಮುಖಂಡ ಇದ್ರೀಸ್ ಮುಂದೆ ದೊರೆಯಾದರು, 1969ರಲ್ಲಿ ಅವರನ್ನು ಇಳಿಸಿದವರೇ ಗದ್ದಾಫಿ. 1996ರಲ್ಲಿ ಟ್ರಿಪೊಲಿಯ ಅಬೂ ಸಲೀಂ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೊಂದದ್ದೂ ಅದೇ ಸರ್ಕಾರ. ಇಟಲಿಯ ಮುಳ್ಳುತಂತಿಯನ್ನು ತೋರಿಸಿದ ಹಣ ತನ್ನ ಜೈಲಿನ ಗೋಡೆಯನ್ನು ಎಂದೂ ತೋರಿಸುತ್ತಿರಲಿಲ್ಲ. ಇದರಿಂದ ಮುಖ್ತಾರರು ಚಿಕ್ಕವರಾಗುವುದಿಲ್ಲ. ಆದರೆ ಹಾಲಿವುಡ್ಡಿಗೆ, ಬಾಲಿವುಡ್ಡಿಗೆ ಕೇಳಿದ ಪ್ರಶ್ನೆಯನ್ನು ನಮ್ಮನ್ನು ಅಳಿಸಿದ ಚಿತ್ರಕ್ಕೆ ಕೇಳದಿದ್ದರೆ ನಾವು ಚರಿತ್ರೆಯನ್ನು ಕೇಳುತ್ತಿಲ್ಲ, ಸಮಾಧಾನವನ್ನು ಕೇಳುತ್ತಿದ್ದೇವೆ.

ಇಂದಿನ ಮಕ್ಕಳು ಚರಿತ್ರೆಯ ಪುಸ್ತಕಕ್ಕಿಂತ ಮೊದಲು ಮೊಬೈಲಿನಲ್ಲಿ ಯುದ್ಧದ ಚಿತ್ರ ನೋಡುತ್ತಾರೆ. ಅವರನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಜೊತೆಗೆ ಕೂತು ನೋಡಬಹುದು. ಸಾಯುವವರಲ್ಲಿ ಯಾರಿಗೆ ಹೆಸರಿದೆ, ಯಾರು ಬರೀ ಉರುಳುತ್ತಾರೆ ಎಂದು ಕೇಳಬಹುದು. ದುಡ್ಡು ಯಾರದು ಎಂದೂ ಕೇಳಬಹುದು.

ಉರ್ದುವಿನಲ್ಲಿ ಇನ್ನೊಂದು ಪದವಿದೆ, ಶಹಾದತ್. ಅದಕ್ಕೂ ಎರಡು ಅರ್ಥ. ಒಂದು ಹುತಾತ್ಮನಾಗುವುದು, ಇನ್ನೊಂದು ಸಾಕ್ಷಿ ಹೇಳುವುದು. ಯುದ್ಧದ ಸಿನಿಮಾಗಳಿಗೆ ಮೊದಲನೆಯದರ ಮೇಲೆ ಎಷ್ಟು ಮೋಹವೆಂದರೆ ಬದುಕಿದ್ದವರನ್ನೂ ಹುತಾತ್ಮರನ್ನಾಗಿ ಮಾಡುತ್ತವೆ. ಎರಡನೆಯದು ಕಷ್ಟದ ಕೆಲಸ. ನಮ್ಮವರ ವಿರುದ್ಧವೂ ನಿಜ ಹೇಳಬೇಕಾಗುತ್ತದೆ. ಕಾರ್ಮೆಲ್ ಬೆಟ್ಟ ಹತ್ತಿದ ಆ ಮೈಸೂರಿನ ಸವಾರನ ಚಿತ್ರವನ್ನು ಯಾರಾದರೂ ಮಾಡುವುದಾದರೆ ಅವನ ಭರ್ಜಿಯ ಉದ್ದ ಒಂದು ಗೇಣು ಹೆಚ್ಚುಕಡಿಮೆಯಾದರೂ ನಾನು ಗಲಾಟೆ ಮಾಡುವುದಿಲ್ಲ. ಅವನ ಬಾಯಿಗೆ ನಮಗೆ ಬೇಕಾದ ಮಾತನ್ನು ತುರುಕದಿದ್ದರೆ ಸಾಕು.