ಎಷ್ಟು ವರ್ಷ ಆದರೆ ಅಂತರ?

ಕಾಪುವಿನ ಕಡಲ್ಕೊರೆತದ ಸುದ್ದಿ ಕಳಿಸಿ ಊಟಕ್ಕೆ ಕೂತಿದ್ದೆ. ಮಣಿಪಾಲದಲ್ಲಿ ಓದುವ ಅಕ್ಕನ ಮಗಳ ಫೋನ್ ಬಂತು.

"ಮಾಮ, ಒಂದು ಡೌಟ್. ಎಷ್ಟು ವರ್ಷ ವ್ಯತ್ಯಾಸ ಇದ್ದರೆ ಏಜ್ ಗ್ಯಾಪ್ ಅಂತ ಹಾಕಬೇಕು?"

ನಾನು ಗಾಬರಿಯಾದೆ. ಹಿಂದಿನ ವಾರವಷ್ಟೇ ಬ್ರೋಕರ್ ಒಬ್ಬರು ಕಾರ್ಕಳ ಕಡೆಯ ಸಂಬಂಧ ತಂದಿದ್ದರು. ಹುಡುಗಿಗೆ 23, ನನಗೆ 36. ಅಕ್ಕ ಇವಳಿಗೆ ಹೇಳಿರಬೇಕು ಅಂದುಕೊಂಡೆ. ಅಲ್ಲ, ಅವಳು ಕೇಳಿದ್ದು ಕಥೆಯ ಬಗ್ಗೆ.

ಅವಳು ಫ್ಯಾನ್ ಫಿಕ್ಷನ್ ಬರೆಯುತ್ತಾಳೆ. ಹಾಗೆಂದರೆ, ಬೇರೆಯವರು ಮಾಡಿದ ಪಾತ್ರಗಳನ್ನು ತೆಗೆದುಕೊಂಡು ಅಭಿಮಾನಿಗಳು ಬರೆಯುವ ಹೊಸ ಕಥೆ. ಇದು ನಮಗೆ ಹೊಸದೇನಲ್ಲ. ತಾಳಮದ್ದಳೆಯಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಮಾತಾಡುವುದೆಲ್ಲ ಪ್ರಸಂಗದ ಪುಸ್ತಕದಲ್ಲಿ ಉಂಟಾ? ಗಿರೀಶ ಕಾರ್ನಾಡರು 1961ರ 'ಯಯಾತಿ' ನಾಟಕದಲ್ಲಿ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟರು. ಗಂಡ ಒಂದೇ ದಿನದಲ್ಲಿ ಮಾವನಿಗಿಂತ ಮುದುಕನಾದರೆ ಅವಳ ಗತಿ ಏನು ಎಂಬ ಪ್ರಶ್ನೆ ಎದ್ದದ್ದೇ ಹಾಗೆ. ಅದಕ್ಕೆ ಫ್ಯಾನ್ ಫಿಕ್ಷನ್ ಅಂದರೆ ಪ್ರೊಫೆಸರುಗಳು ಸಿಟ್ಟಾದಾರು, ಅದು ಬೇರೆ ಮಾತು.

ಇವಳ ಕಥೆ ಶಂತನು ಮತ್ತು ಸತ್ಯವತಿಯದ್ದು. ಯುವರಾಜನಾದ ಮಗ ಮನೆಯಲ್ಲಿರುವಾಗ ರಾಜ ಹೊಸ ಹೆಣ್ಣು ಕೇಳಲು ಹೋಗುತ್ತಾನೆ. ಇಂಥ ಕಥೆಗಳ ತಲೆಯ ಮೇಲೆ, ಓದುವವರಿಗೆ ಮೊದಲೇ ಗೊತ್ತಾಗಲಿ ಎಂದು, ಒಂದು ಚೀಟಿ ಅಂಟಿಸುವ ಕ್ರಮ ಉಂಟು. ಹ್ಯಾರಿ ಪಾಟರ್ ಅಭಿಮಾನಿಗಳು ಹ್ಯಾರಿಯ ವಾರಿಗೆಯವರನ್ನೂ ಅವನ ಅಪ್ಪ ಅಮ್ಮನ ವಾರಿಗೆಯವರನ್ನೂ ಜೋಡಿ ಮಾಡಿ ಬರೆದ ಕಥೆಗಳಿಗೆ 'ಕ್ರಾಸ್‌ಜೆನ್' ಎಂದು ಹೆಸರಿಟ್ಟರು. ತಲೆಮಾರು ದಾಟಿದ ಜೋಡಿ ಎಂದು ಅರ್ಥ. ಆದರೆ ಎಷ್ಟು ವರ್ಷಕ್ಕೆ ತಲೆಮಾರು ದಾಟುತ್ತದೆ? ಹತ್ತಾ, ಹದಿನೈದಾ?

ಒಂದು ಮಾತು ಮೊದಲೇ ಹೇಳಿದೆ. 18 ತುಂಬದವರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಅಲ್ಲಿ ಅಂತರ ಎಷ್ಟು ಎಂಬ ಚರ್ಚೆಯೇ ಇಲ್ಲ. ನಿಜ ಜೀವನದಲ್ಲಿ ಅದಕ್ಕೆ 2012ರ ಪೋಕ್ಸೋ ಕಾಯ್ದೆ ಉಂಟು, ಕಥೆಯಲ್ಲೂ ಅದನ್ನು ಪ್ರೇಮ ಎಂದು ಕರೆಯಬಾರದು. "ಅದು ನಂಗೆ ಗೊತ್ತುಂಟು ಮಾಮ" ಅಂದಳು, ಸ್ವಲ್ಪ ಬೇಸರದಲ್ಲಿಯೇ.

ಅವಳ ನಿಜವಾದ ಕಷ್ಟ ಹಾಸ್ಟೆಲಿನಲ್ಲಿತ್ತು. ಚೀಟಿಯಲ್ಲಿ ಅವಳು 'ತಲೆಮಾರು ದಾಟಿದ ಜೋಡಿ, ಓದಿದರೆ ಅಸಹ್ಯ ಆದೀತು' ಎಂದು ಬರೆದಿದ್ದಳಂತೆ. ಮಂಡ್ಯ ಕಡೆಯ ರೂಮ್‌ಮೇಟ್ ಅದನ್ನು ಓದಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಹೇಳಿದಳು: "ನಮ್ಮಮ್ಮ ಮದುವೆಯಾಗಿರೋದು ಅವರ ಸೋದರಮಾವನ್ನ. ಹದಿನಾಲ್ಕು ವರ್ಷ ದೊಡ್ಡೋರು. ನಮ್ಮನೆ ಅಸಹ್ಯನಾ?"

ನನ್ನ ಅಕ್ಕನ ಮಗಳಿಗೆ ಬಾಯಿ ಕಟ್ಟಿತು. ತುಳುನಾಡಿನಲ್ಲಿ ಹುಟ್ಟಿದವಳಿಗೆ ಅದು ಕಲ್ಪನೆಗೂ ಬಾರದ ಸಂಗತಿ. ನಮ್ಮಲ್ಲಿ ಬಂಟರು, ಬಿಲ್ಲವರು, ಮೊಗವೀರರಿಗೆ ಬರಿ ಬರುವುದು ತಾಯಿಯಿಂದ. ತಾಯಿಯ ತಮ್ಮನದ್ದೂ ಮಗಳದ್ದೂ ಒಂದೇ ಬರಿ, ಆದ್ದರಿಂದ ಮದುವೆ ಕೂಡದು. ಘಟ್ಟ ಹತ್ತಿ ಹಳೇ ಮೈಸೂರಿನ ಕಡೆ ಹೋದರೆ ಅಕ್ಕನ ಮಗಳನ್ನು ತರುವುದು ಬಹಳ ಮನೆಗಳಲ್ಲಿ ಹಕ್ಕಿನ ಸಂಬಂಧ. 1955ರ ಹಿಂದೂ ವಿವಾಹ ಕಾಯ್ದೆ ಮಾವ ಮತ್ತು ಸೊಸೆಯ ಮದುವೆಯನ್ನು ನಿಷಿದ್ಧ ಎನ್ನುತ್ತದೆ, ಆದರೆ ರೂಢಿ ಇದ್ದಲ್ಲಿ ಬಿಡುತ್ತದೆ. ಹಾಗಾಗಿ 'ತಲೆಮಾರು' ಎಂಬ ಅಳತೆಗೋಲು ಆಗುಂಬೆ ದಾಟುವಷ್ಟರಲ್ಲಿ ಬದಲಾಗುತ್ತದೆ.

ನನಗೆ ನೆನಪಾದದ್ದು ಅರ್ಜುನ. ವಿರಾಟಪರ್ವದ ಆಟ ನೋಡದವರು ಯಾರಿದ್ದಾರೆ? ಯುದ್ಧ ಮುಗಿದ ಮೇಲೆ ವಿರಾಟ ರಾಜ ಮಗಳು ಉತ್ತರೆಯನ್ನು ಅರ್ಜುನನಿಗೇ ಕೊಡುತ್ತೇನೆ ಎನ್ನುತ್ತಾನೆ. ಅರ್ಜುನ ಒಪ್ಪುವುದಿಲ್ಲ, ಮಗ ಅಭಿಮನ್ಯುವಿಗೆ ತಂದುಕೊಳ್ಳುತ್ತಾನೆ. ಅವನು ಕೊಡುವ ಕಾರಣ ವಯಸ್ಸಿನ ಲೆಕ್ಕವಲ್ಲ. ಒಂದು ವರ್ಷ ಅಂತಃಪುರದಲ್ಲಿ ಪಾಠ ಹೇಳಿದ್ದೇನೆ, ಅವಳು ನನ್ನನ್ನು ತಂದೆಯಂತೆ ನಂಬಿದ್ದಾಳೆ ಎಂಬುದು ಅವನ ಕಾರಣ. ನಂಬಿ ಕೂತವಳಿಗೆ 'ಆಗುವುದಿಲ್ಲ' ಎನ್ನುವುದು ಕಷ್ಟ, ಅದು ಅವನಿಗೆ ಗೊತ್ತಿತ್ತು ಎಂದು ನನಗನಿಸುತ್ತದೆ. ಆದರೆ ಅವನೂ ಉತ್ತರೆಯನ್ನು ಕೇಳಲಿಲ್ಲ. ಶಂತನುವೂ ಕೇಳಿದ್ದು ಸತ್ಯವತಿಯ ಅಪ್ಪನನ್ನು.

"ಹಾಗಾದರೆ ವರ್ಷಕ್ಕೆ ಬೆಲೆಯೇ ಇಲ್ಲವಾ?" ಅಂದಳು.

ಉಂಟು. ಅದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅಜ್ಜಿಗೆ ಮದುವೆಯಾದಾಗ 17, ಅಜ್ಜನಿಗೆ 36. ಊರಲ್ಲಿ ಯಾರೂ ಅದನ್ನು ಅಂತರ ಎನ್ನಲಿಲ್ಲ, ಹೊಲ ಇರುವ ಗಂಡು ಅಂದರು. ಅಜ್ಜಿಗೆ 45 ಆದಾಗ ಅಜ್ಜ ಹೋದರು. ಅಜ್ಜಿ 84ರವರೆಗೆ ಬದುಕಿದರು. ಜೊತೆಗಿದ್ದದ್ದು 28 ವರ್ಷ, ಒಬ್ಬರೇ ಇದ್ದದ್ದು 39. ಬೀಡಿ ಕಟ್ಟಿ ನಮ್ಮ ಅಮ್ಮನ ಮದುವೆ ಮಾಡಿದರು. ಸೂಪು ತೊಡೆಯ ಮೇಲಿಟ್ಟುಕೊಂಡು, ಸಂಜೆ ಜಗಲಿಯಲ್ಲಿ, ಯಾರ ಜೊತೆಗೂ ಅಲ್ಲದೆ ಮಾತಾಡುತ್ತಿದ್ದರು. ಅಜ್ಜ ಒಳ್ಳೆಯವರೇ ಅಂತೆ, ಅಜ್ಜಿ ಒಂದು ದಿನವೂ ದೂರಿದ್ದು ನಾನು ಕೇಳಿಲ್ಲ. ಆದರೂ ಆ 19 ವರ್ಷದ ಬಿಲ್ಲು ಬಂದದ್ದು ಅಜ್ಜಿಯ ಕೈಗೆ, ಅದೂ ಕೊನೆಯಲ್ಲಿ. ಇವಳು ಓದುವ ಕಥೆಗಳೆಲ್ಲ ಮದುವೆಯ ಮಂಟಪದಲ್ಲೇ ಮುಗಿಯುತ್ತವೆ. ಜಗಲಿಯ ತನಕ ಯಾರೂ ಬರೆಯುವುದಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಮಾಮ, ಕಾರ್ಕಳದ ವಿಷಯ ನಿಜವಾ?"

ಅಕ್ಕ ಹೇಳಿಯೇ ಬಿಟ್ಟಿದ್ದಾಳೆ.

ಮರುದಿನ ಬ್ರೋಕರಿಗೆ ಫೋನ್ ಮಾಡಿದೆ. ಹುಡುಗಿಯ ಹತ್ತಿರ ನಾನೇ ಒಮ್ಮೆ ಮಾತಾಡಬೇಕು, ಅವಳಿಗೆ ಇಷ್ಟ ಉಂಟಾ ಕೇಳಬೇಕು ಅಂದೆ. "ಅವಳನ್ನು ಎಂತ ಕೇಳುವುದು ಮಾರಾಯ್ರೆ, ಅಪ್ಪ ಒಪ್ಪಿಯಾಗಿದೆ" ಅಂದರು. ಹಾಗಾದರೆ ಬೇಡ, ಅವಳು ಮಾತಾಡುತ್ತಾಳಾದರೆ ಮಾತ್ರ ಹೇಳಿ ಅಂದೆ. ಫೋನ್ ಇಟ್ಟ ಮೇಲೆ ಅಮ್ಮ ನನ್ನ ಮುಖ ನೋಡಲಿಲ್ಲ.

ಅಕ್ಕನ ಮಗಳು ಹೊಸ ಚೀಟಿಯನ್ನು ವಾಟ್ಸಾಪ್ ಮಾಡಿದ್ದಾಳೆ. ಬರೆಯಲು ಕೂತದ್ದು ರೂಮ್‌ಮೇಟ್ ಜೊತೆಗೇ. ಆ ಹುಡುಗಿ ತನ್ನ ಅಮ್ಮನಿಗೇ ಫೋನ್ ಮಾಡಿ ಕೇಳಿದಳಂತೆ. ಅಮ್ಮ ಇವತ್ತಿಗೂ ಗಂಡನನ್ನು "ಮಾವ" ಎಂದೇ ಕರೆಯುವುದು. ಅಂತರದ ಬಗ್ಗೆ ಅವರಿಗೆ ದೂರಿಲ್ಲ. ಪಿಯುಸಿ ಮುಗಿಸಬೇಕೆಂದಿದ್ದೆ, ಯಾರೂ ಕೇಳಲಿಲ್ಲ, ಅಷ್ಟೇ ಎಂದರಂತೆ.

ಚೀಟಿಯಲ್ಲಿ ಈಗ 'ಅಸಹ್ಯ' ಎಂಬ ಮಾತಿಲ್ಲ. ಹೀಗಿದೆ: 'ಇವನು ಇವಳಿಗಿಂತ ಬಹಳ ದೊಡ್ಡವನು. ಇವಳನ್ನು ಯಾರೂ ಕೇಳಿರಲಿಲ್ಲ. ಈ ಕಥೆಯಲ್ಲಿ ಕೇಳುತ್ತಾರೆ.'

ಬ್ರೋಕರ್ ಇನ್ನೂ ಫೋನ್ ಮಾಡಿಲ್ಲ.