ಹೆಸರು ಬರೆಯದ ಚೀಲಗಳು

ಹಿಮ ಬಿದ್ದ ರಾತ್ರಿ ನಮ್ಮ ಮನೆಯ ಬೆಂಕಿಗೂಡಿನ ಮುಂದೆ ನಾಲ್ಕು ಜನ ಕೂತರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಆಂಟಿ, ಆ ಫ್ರೀಜರಿನ ಕಥೆ ಹೇಳಿ." ಹೇಳಿ ಹೇಳಿ ನನಗದು ಬಾಯಿಪಾಠವಾಗಿದೆ. ನನ್ನ ಗಂಡ ನಡುನಡುವೆ ತಿದ್ದುತ್ತಾರೆ. ಅವರ ತಿದ್ದುಪಡಿ ನನಗೆ ಒಪ್ಪಿಗೆಯಿಲ್ಲ. ಬರೆಯುವಾಗಲಾದರೂ ನಾನು ಹೇಳಿದ್ದೇ ನಿಲ್ಲಲಿ.

ನಮ್ಮ ಫ್ಲೋರಲ್ ಪಾರ್ಕ್ ಹೂವಿನ ಹೆಸರಿಟ್ಟುಕೊಂಡ ಊರು. 1870ರ ದಶಕದಲ್ಲಿ ಜಾನ್ ಲೂಯಿಸ್ ಚೈಲ್ಡ್ಸ್ ಎಂಬ ಹುಡುಗ ಇಲ್ಲಿನ ಹೂತೋಟಕ್ಕೆ ಕೆಲಸಕ್ಕೆ ಬಂದ. ಆಮೇಲೆ ಅಂಚೆಯಲ್ಲಿ ಬೀಜ ಮಾರುವ ಸ್ವಂತ ವ್ಯಾಪಾರ ಕಟ್ಟಿ ಊರಿಗೇ ದೊಡ್ಡವನಾದ. ಟ್ಯುಲಿಪ್ ಅವೆನ್ಯೂ ಮೊದಲಾದ ಬೀದಿ ಹೆಸರುಗಳಲ್ಲಿ ಆ ಹೂಗಳು ಉಳಿದಿವೆ, ತೋಟಗಳು ಉಳಿದಿಲ್ಲ. ಈಗ ಹಿಲ್‌ಸೈಡ್ ಅವೆನ್ಯೂದಲ್ಲಿ ಕರಿಬೇವು, ನುಗ್ಗೆಕಾಯಿ, ಕುಸುಬಲಕ್ಕಿ ಎಲ್ಲ ಸಿಗುತ್ತದೆ. ಕಥೆಗೆ ಬೇಕಾದ ಸಂಗತಿ ಇನ್ನೊಂದಿದೆ. ಈ ಹೆಸರಿನ ಊರು ಗಡಿಯ ಎರಡೂ ಬದಿಗೆ ಚಾಚಿಕೊಂಡಿದೆ: ಒಂದು ಪಾಲು ನ್ಯೂಯಾರ್ಕ್ ನಗರದ ಕ್ವೀನ್ಸ್‌ಗೆ, ಇನ್ನೊಂದು ನಾಸೌ ಕೌಂಟಿಗೆ. ಎರಡಕ್ಕೂ ಪೊಲೀಸರು ಬೇರೆ, ಶಾಲೆ ಬೇರೆ, ತೆರಿಗೆ ಬೇರೆ. ಕರೆಂಟಿನ ಕಂಪನಿಯೂ ಬೇರೆ. ನಮ್ಮ ಮನೆ ಕ್ವೀನ್ಸ್ ಬದಿಗಿದೆ.

ನಮ್ಮ ಕ್ರೈಸ್ತ ಸಭೆ ಅಂದರೆ ಆಗ ನಾವು ಹತ್ತೊಂಬತ್ತು ಕುಟುಂಬ. ಒಂದು ಅಮೆರಿಕನ್ ಚರ್ಚಿನ ನೆಲಮಾಳಿಗೆಯ ಹಾಲಿನಲ್ಲಿ ಭಾನುವಾರ ನಾಲ್ಕು ಗಂಟೆಗೆ ಸೇರುತ್ತಿದ್ದೆವು. ತಿಂಗಳ ಮೊದಲ ಭಾನುವಾರ ದೂರದಿಂದ ಒಬ್ಬ ಅಯ್ಯನವರು, ಅಂದರೆ ಪಾದ್ರಿ, ಬಂದು ಕರ್ತನ ಭೋಜನದ ಸಂಸ್ಕಾರ ನಡೆಸಿಕೊಡುತ್ತಿದ್ದರು. ಉಳಿದ ವಾರ ನಮ್ಮ ಹಿರಿಯರೇ ವಾಕ್ಯ ಓದುತ್ತಿದ್ದರು. ಹೊರಗಿನವರಿಗೆ ನಾವೆಲ್ಲ ಕನ್ನಡ ಕ್ರೈಸ್ತರು, ಅಷ್ಟೆ. ಒಳಗೆ ನೋಡಿದರೆ ನೂರು ಹೊಲಿಗೆ. ನಾನು ಉಡುಪಿಯವಳು, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪೈಕಿ. ನನ್ನ ಗಂಡ ಬಳ್ಳಾರಿಯವರು, ಅಲ್ಲಿಗೆ 1810ರಲ್ಲೇ ಬಂದ ಲಂಡನ್ ಮಿಷನ್ನಿನವರು. ಮೈಸೂರು, ತುಮಕೂರಿನವರು ವೆಸ್ಲಿಯನರು. ಹುಬ್ಬಳ್ಳಿ, ಗದಗದವರು ಬಾಸೆಲ್ಲೇ ಆದರೂ ನಮ್ಮ ಕರಾವಳಿಯ ಮೀನು ಕಂಡರೆ ಮೂಗು ಮುಚ್ಚುವವರು. ಬೀದರಿನ ಎರಡು ಮನೆಯವರು ಅಮೆರಿಕನ್ ಮೆಥೋಡಿಸ್ಟರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಒಂದಾದಾಗ ಅವರ ಸಭೆ ಸೇರಲಿಲ್ಲ, ಇವತ್ತಿಗೂ ಸೇರಿಲ್ಲ. ಆ ಒಗ್ಗಟ್ಟಿನ ಮಾತುಕತೆ ಶುರುವಾದದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಇಪ್ಪತ್ತೆಂಟು ವರ್ಷ ಮೀಟಿಂಗ್! ಹಾಗಾಗಿ ನಮ್ಮ ಜನರಿಗೆ ಮೀಟಿಂಗ್ ಅಂದರೆ ಸುಸ್ತಾಗುವುದಿಲ್ಲ.

ನಾವು ಹಾಡುವುದನ್ನು ಕೇಳಬೇಕು. ಪದಗಳು ಒಂದೇ. ಕರಾವಳಿಯವರದು ಜರ್ಮನ್ ರಾಗ, ಎತ್ತಿನ ಗಾಡಿಯ ಹಾಗೆ. ಬಳ್ಳಾರಿಯವರು ಚರಣ ಮುಗಿಸಿ ನೀರು ಕುಡಿಯುವಾಗ ನಾವಿನ್ನೂ ಮೂರನೇ ಸಾಲಿನಲ್ಲಿರುತ್ತೇವೆ. ಇದೆಲ್ಲ ವರ್ಷಗಟ್ಟಲೆ ನಗುವಿನ ವಿಷಯವಾಗಿತ್ತು.

2012ರ ಅಕ್ಟೋಬರಿನಲ್ಲಿ ನಗು ನಿಂತಿತು. ಹುಬ್ಬಳ್ಳಿಯ ಒಬ್ಬರು ಮೀಟಿಂಗಿನಲ್ಲಿ ಎದ್ದು ನಿಂತು, ಮಕ್ಕಳಿಗೆ ಕನ್ನಡ ತಿಳಿಯುವುದಿಲ್ಲ, ಗಿಣಿಗಳ ಹಾಗೆ ಹಾಡುತ್ತಾರೆ, ಆರಾಧನೆ ಇಂಗ್ಲಿಷಿನಲ್ಲಿ ಆಗಬೇಕು ಎಂದರು. ಅವರನ್ನು ಎಲ್ಲರೂ ಅಣ್ಣ ಅನ್ನುವುದು, ಇಲ್ಲಿಯೂ ಅಣ್ಣ ಅಂತಲೇ ಬರೆಯುತ್ತೇನೆ. ನಾನೂ ಎದ್ದೆ. ಇಂಗ್ಲಿಷ್ ಆರಾಧನೆಗೆ ಈ ಊರಲ್ಲಿ ಬರವೇ, ಬೀದಿಗೊಂದು ಚರ್ಚ್ ಉಂಟು, ಕನ್ನಡ ಇಲ್ಲವಾದರೆ ಈ ನೆಲಮಾಳಿಗೆಯ ತಣ್ಣಗಿನ ಕುರ್ಚಿಯಲ್ಲಿ ನಾನು ಯಾಕೆ ಕೂರಬೇಕು ಎಂದೆ. ಈಗ ಯೋಚಿಸಿದರೆ ಅವರು ಹೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಆಗ ಹಾಗೆ ಅನಿಸಲಿಲ್ಲ. ಯಾರ ಮನೆಯ ಮಕ್ಕಳು ಏನು ಮಾಡುತ್ತಾರೆ ಎನ್ನುವಲ್ಲಿಗೆ ಮಾತು ಹೋಯಿತು. ಅಲ್ಲಿಗೆ ಹೋದ ಮಾತು ವಾಪಸು ಬರುವುದು ಕಷ್ಟ.

ಎಂಟು ಕುಟುಂಬ ಬೇರೆಯಾಗುವುದು ಎಂದು ತೀರ್ಮಾನವಾಯಿತು. ನವೆಂಬರಿನ ಮೊದಲ ಭಾನುವಾರದಿಂದ ಅವರು ಇನ್ನೊಂದು ಕಡೆ. ಪಾಲಿನ ಪಟ್ಟಿಯನ್ನೂ ಮಾಡಿದೆವು. ಇಪ್ಪತ್ತನಾಲ್ಕು ಸಂಗೀತಪುಸ್ತಕ, ಊರಿಂದ ಸೂಟ್‌ಕೇಸಿನಲ್ಲಿ ತಂದವು: ನಮಗೆ. ಕೀಬೋರ್ಡ್: ಅವರಿಗೆ. ಬ್ಯಾಂಕಿನ ದುಡ್ಡು: ತಲೆ ಲೆಕ್ಕದಲ್ಲಿ. ಕೊನೆಗೆ ಉಳಿದದ್ದು ಅರವತ್ತು ಜನರಿಗೆ ಬಿರಿಯಾನಿ ಆಗುವ ಅಲ್ಯುಮಿನಿಯಮ್ ತಪಲೆ. ಬೆಳೆಹಬ್ಬದ ಏಲಂ ದುಡ್ಡಿನಲ್ಲಿ ಕೊಂಡದ್ದು. ಅದರ ಮುಂದೆ ಏನೂ ಬರೆಯದೆ ಬಿಟ್ಟೆವು.

ಆ ದಿನದ ಸಂಸ್ಕಾರವೂ ನೆನಪಿದೆ. ನಮ್ಮ ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಅಯ್ಯನವರು ಮುಂದಿನ ಸಾಲಿಗೆ ಕೊಟ್ಟರೆ, ಪಕ್ಕದವರು ಎರಡೂ ಅಂಗೈ ಚಾಚಿ ಹಿಡಿದುಕೊಂಡು ಮುಂದಿನವರಿಗೆ ಕೊಡಬೇಕು. ಕೇರಳದ ಸುರಿಯಾನಿ ಸಭೆಗಳಿಂದ ಕಲಿತ ಪದ್ಧತಿ ಅದು. ಆ ಭಾನುವಾರ ಅದು ಮೂರನೇ ಸಾಲಿನವರೆಗೆ ಬಂದು ನಿಂತಿತು. ಅಣ್ಣ ಸಂಗೀತಪುಸ್ತಕದಲ್ಲಿ ಏನನ್ನೋ ಹುಡುಕುತ್ತಿದ್ದರು. ನಾನು ಕನ್ನಡಕ ಒರೆಸುತ್ತಿದ್ದೆ.

ಅಕ್ಟೋಬರ್ 29, ಸೋಮವಾರ ಸಂಜೆ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿತು. ನಾವಿರುವುದು ಸಮುದ್ರದಿಂದ ದೂರ, ನೀರು ಬರಲಿಲ್ಲ. ಗಾಳಿ ಮಾತ್ರ ರಾತ್ರಿಯೆಲ್ಲ ಕೂಗಿತು. ಬೆಳಿಗ್ಗೆ ನೋಡಿದರೆ ಬೀದಿಗೆ ಅಡ್ಡಲಾಗಿ ಮರಗಳು ಬೇರು ಸಮೇತ ಮಲಗಿದ್ದವು, ತಂತಿಗಳು ನೇತಾಡುತ್ತಿದ್ದವು. ನಮ್ಮ ಮನೆಯ ದೀಪ ಎರಡು ಸಲ ಕಣ್ಣು ಮಿಟುಕಿಸಿ ಉಳಿದುಕೊಂಡಿತು. ನಾಸೌ ಬದಿಯಲ್ಲಿ ನಮ್ಮ ಸಭೆಯವರ ಮನೆಗಳೆಲ್ಲ ಕತ್ತಲೆ. ಬೇರೆಯಾಗುವ ಎಂಟರಲ್ಲಿ ಆರು ಮನೆ ಅಲ್ಲೇ ಇದ್ದವು. ಹೀಗೆ ನಮ್ಮ ಜಗಳದ ಗೆರೆ, ಕೌಂಟಿಯ ಗೆರೆ, ಕರೆಂಟಿನ ಗೆರೆ ಹೆಚ್ಚುಕಡಿಮೆ ಒಂದೇ ಆಯಿತು. ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ.

ಬುಧವಾರ ಸಂಜೆ ಫೋನ್ ಬಂತು. ಕಾರಿನಲ್ಲಿ ಕೂತು ಚಾರ್ಜ್ ಮಾಡಿಕೊಂಡು ಮಾಡಿದ ಫೋನು, ಇಂಜಿನ್ ಸದ್ದು ಕೇಳುತ್ತಿತ್ತು.

"ಅಕ್ಕಾರ, ನಿಮ್ಮ ಮನ್ಯಾಗ ಕರೆಂಟ್ ಐತೇನ್ರಿ?"

"ಉಂಟು."

ಸ್ವಲ್ಪ ಹೊತ್ತು ಬರೀ ಇಂಜಿನ್.

"ಫ್ರೀಜರ್‌ನ್ಯಾಗ ಜಾಗಾ ಐತೇನು?"

"ಎಷ್ಟು ಉಂಟು ನಿಮ್ಮದು?"

"ಒಂದು ಕುರಿ ಅಂತ ತಿಳ್ಕೋರಿ."

ತುಂಬಿದ ಫ್ರೀಜರಿನ ಬಾಗಿಲು ತೆರೆಯದೆ ಇಟ್ಟರೆ ಎರಡು ದಿನ ತಡೆಯುತ್ತದೆ. ಎರಡು ದಿನ ಅವತ್ತು ರಾತ್ರಿಗೆ ಮುಗಿಯುತ್ತಿತ್ತು. ನಾನು ನರ್ಸ್, ಕೆಟ್ಟ ಮಾಂಸ ಏನು ಮಾಡುತ್ತದೆ ಅಂತ ಗೊತ್ತು. "ತನ್ನಿ ಮಾರಾಯ್ರೆ" ಅಂದೆ. ಹ್ಯಾಲೋವೀನ್ ರಾತ್ರಿ, ಬಾಗಿಲು ಬಡಿದರೆ ಮಿಠಾಯಿ ಕೇಳುವ ಮಕ್ಕಳೋ ಅಂದುಕೊಂಡು ಬುಟ್ಟಿ ಹಿಡಿದೇ ತೆರೆದೆ. ಹೊರಗೆ ಅಣ್ಣ ನಿಂತಿದ್ದರು. ಎರಡೂ ಕೈಯಲ್ಲಿ ಚೀಲ, ಕೆಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಮಾತು ಏನೂ ಆಗಲಿಲ್ಲ. "ತಣ್ಣಗದ, ಹುಷಾರು" ಅಂದರು, ಅಷ್ಟೆ.

ಒಬ್ಬರಿಗೆ ಜಾಗ ಸಿಕ್ಕಿತು ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಹರಡಿತು. ಹತ್ತು ಗಂಟೆಯ ಒಳಗೆ ನಮ್ಮ ಬೇಸ್‌ಮೆಂಟಿನ ಪೆಟ್ಟಿಗೆ ಫ್ರೀಜರ್ ಮುಚ್ಚಳ ಹಾಕಲಾಗದಷ್ಟು ತುಂಬಿ, ಮೇಲೆ ಇಸ್ತ್ರಿ ಪೆಟ್ಟಿಗೆ, ಅದರ ಮೇಲೆ ನನ್ನ ಗಂಡನ ಟೂಲ್ ಬಾಕ್ಸ್ ಇಡಬೇಕಾಯಿತು. ಬಂಗುಡೆ, ಅಂಜಲ್, ಸಿಗಡಿ, ಮಟನ್, ಕೋಳಿ, ಒಬ್ಬರ ಮನೆಯ ತುರಿದ ತೆಂಗಿನಕಾಯಿ, ಇನ್ನೊಬ್ಬರ ಮನೆಯ ಹೋಳಿಗೆ. ಎಲ್ಲರೂ ಒಂದೇ ಅಂಗಡಿಯಿಂದ ತರುವವರು, ಒಂದೇ ತರದ ಚೀಲಗಳು. ಹೆಸರು ಬರೆಯಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಅಜ್ಜಿ ನೆನಪಾದರು. ಅಜ್ಜ ಮಲ್ಪೆಯ ಮಿಷನ್ ಹಂಚಿನ ಕಾರ್ಖಾನೆಯಲ್ಲಿದ್ದವರು. ಹಿಂದೆ ಕ್ರೈಸ್ತರಾದವರಿಗೆ ಮನೆ, ಜಾತಿ, ಕಸುಬು ಎಲ್ಲ ಕೈಬಿಟ್ಟು ಹೋಗುತ್ತಿತ್ತು. ಅದಕ್ಕೇ ಮಿಷನ್ನಿನವರು ನೇಯ್ಗೆ, ಹಂಚು ಎಂದು ಕಾರ್ಖಾನೆ ತೆರೆದರು. ಸಭೆ ಒಟ್ಟಾಗಿರುವುದು ಸಂಬಳದಿಂದ ಎಂದು ಊರಿನವರು ಆಡಿಕೊಳ್ಳುತ್ತಿದ್ದರಂತೆ. 1914ರ ಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ದೇಶದಿಂದಾಚೆ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಸಭೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಜ್ಜಿ ಅಡುಗೆಮನೆಯ ಮೂಲೆಯ ಮಡಕೆ ತೋರಿಸಿದರು. ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಅದಕ್ಕೆ ಹಾಕಿ, ಭಾನುವಾರ ಚರ್ಚಿಗೆ ಒಯ್ಯುತ್ತಿದ್ದರು. ಬಾವಿಯ ವಿಷಯದಲ್ಲಿ ಪಕ್ಕದ ಮನೆಯವರಿಗೂ ಅಜ್ಜಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಅಕ್ಕಿ ಮಾತ್ರ ಒಂದೇ ಗೋಣಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಯಾರದು ಯಾವುದು ಅಂತ ಯಾರು ಆರಿಸುತ್ತಾರೆ?

ನವೆಂಬರ್ 4, ನಮ್ಮ ಬೆಳೆಹಬ್ಬ. ನೆಲಮಾಳಿಗೆಯ ಹಾಲ್ ಕತ್ತಲೆ. ಬೇರೆಯಾಗುವವರು ಗೊತ್ತುಮಾಡಿದ್ದ ಜಾಗವೂ ಕತ್ತಲೆ. ಚಂಡಮಾರುತದ ನಂತರ ಪೆಟ್ರೋಲ್ ಸಿಗದೆ ಅಯ್ಯನವರಿಗೂ ಬರಲಾಗಲಿಲ್ಲ. ಹಬ್ಬ ನಮ್ಮ ಮನೆಯಲ್ಲಿ ಎಂದಾಯಿತು. ಎಂಟು ಮನೆಯವರನ್ನು ಕರೆಯಬೇಕೇ ಬೇಡವೇ ಎಂದು ನಮ್ಮಲ್ಲಿ ಚರ್ಚೆ ನಡೆದಿತ್ತು. ಅವರ ಮಟನ್ ನಮ್ಮಲ್ಲಿರುವಾಗ ಕರೆಯದೆ ಇರುವುದು ಹೇಗೆ!

ಆ ದಿನವೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ದಿನ. ಕರೆಂಟಿಲ್ಲದವರ ಮನೆಯಲ್ಲಿ ಅದು ಯಾರಿಗೆ ನೆನಪು? ಬೆಳಕಿನ ಬದಿಯವರು ನಾಲ್ಕಕ್ಕೆ ಬಂದರು, ಕತ್ತಲೆ ಬದಿಯವರು ಮೂರಕ್ಕೇ ಬಂದು ನಿಂತರು. ಮುಂಚೆ ಬಂದವರು ಉಂಡು, ತಡವಾದವರು ಹಸಿದು ಕೂತದ್ದಕ್ಕೆ ಪೌಲನು ಕೊರಿಂಥದವರಿಗೆ ಖಾರವಾಗಿ ಪತ್ರ ಬರೆದದ್ದುಂಟು. ನಮ್ಮಲ್ಲಿ ಮುಂಚೆ ಬಂದವರ ಕೈಗೆ ಈರುಳ್ಳಿ ಕೊಟ್ಟೆ.

ಫ್ರೀಜರ್ ತೆರೆದಾಗ ಗೊಂದಲ ಶುರುವಾಯಿತು. "ಇದು ನಮ್ಮದು." "ಅಲ್ಲ, ನಮ್ಮದರಲ್ಲಿ ಮೂಳೆ ಜಾಸ್ತಿ." ಹೋಳಿಗೆ ಒಂದನ್ನು ಬಿಟ್ಟರೆ ಯಾವುದಕ್ಕೂ ಯಜಮಾನರು ಖಚಿತವಿಲ್ಲ. ಕರಗಿ ಮತ್ತೆ ಗಟ್ಟಿಯಾದದ್ದನ್ನು ಹೆಚ್ಚು ದಿನ ಇಡಬಾರದು, ಎಲ್ಲ ಬೇಯಿಸಿಬಿಡಿ ಎಂದು ನಾನು ನರ್ಸಿನ ಗತ್ತಿನಲ್ಲಿ ಹೇಳಿದೆ. ತಪಲೆ ಬಂತು. ನಾಲ್ಕು ಮುಕ್ಕಾಲಿಗೇ ಸೂರ್ಯ ಮುಳುಗಿದ. ಅರವತ್ತು ಜನ ಹಾಲ್, ಮೆಟ್ಟಿಲು, ಅಡುಗೆಮನೆ ಎಂದು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂತು ಹಾಡಿದೆವು. ರಾಗಕ್ಕೆ ಮತ್ತೆ ಜಗಳವಾಯಿತು, ಬಳ್ಳಾರಿಯವರು ಮತ್ತೆ ಮುಂದೆ ಓಡಿದರು. ವಾಕ್ಯ ಓದುವ ಹಿರಿಯರು ಕನ್ನಡಕ ಕತ್ತಲೆಮನೆಯಲ್ಲಿ ಬಿಟ್ಟು ಬಂದಿದ್ದರು. ಅಣ್ಣನ ಮಗಳು ಫೋನ್ ತೆಗೆದು ಇಂಗ್ಲಿಷಿನಲ್ಲಿ ಓದಿದಳು. ನಾನು ಅನ್ನ ತಳ ಹಿಡಿಯುತ್ತದೆಯೇ ಎಂದು ನೋಡುತ್ತಿದ್ದೆ, ತಕರಾರು ತೆಗೆಯಲು ಪುರುಸೊತ್ತು ಸಿಗಲಿಲ್ಲ. ನಮ್ಮ ಸಭೆಗೆ ಇಂಗ್ಲಿಷ್ ಬಂದದ್ದು ಹೀಗೆ.

ಊಟದ ಮೇಲೆ ಏಲಂ. ಸಾಮಾನ್ಯವಾಗಿ ಸೋರೆಕಾಯಿ, ತೆಂಗಿನಕಾಯಿ, ಯಾರೋ ಹಿತ್ತಲಲ್ಲಿ ಬೆಳೆದ ಬಸಳೆ. ಆ ವರ್ಷ ಬಂದದ್ದು ಬ್ಯಾಟರಿ, ಮೇಣದಬತ್ತಿ, ಮುಖ ಕೆತ್ತದೆ ಉಳಿದ ಕುಂಬಳಕಾಯಿ. ಒಬ್ಬರು ಐದು ಗ್ಯಾಲನ್ನಿನ ಪೆಟ್ರೋಲ್ ಕ್ಯಾನ್ ತಂದಿದ್ದರು. ಅದನ್ನು ಎತ್ತಿ ಹಿಡಿದೊಡನೆ ಸದ್ದು ನಿಂತಿತು. ಏಲಂ ಕೂಗುತ್ತಿದ್ದ ಬೀದರಿನವರು ಒಮ್ಮೆ ಎಲ್ಲರ ಮುಖ ನೋಡಿ, ಇದು ಕೂಗುವುದಿಲ್ಲ, ಬೆಳಿಗ್ಗೆ ಆಸ್ಪತ್ರೆ ಡ್ಯೂಟಿ ಯಾರಿಗಿದೆಯೋ ಅವರು ಒಯ್ಯಲಿ ಅಂದರು. ಏಲಂ ನಿಯಮಕ್ಕೆ ಇದು ವಿರುದ್ಧ ಎಂದು ಒಬ್ಬರು ಗೊಣಗಿದರು. ಗೊಣಗಿದವರು ನನ್ನ ಗಂಡ.

ಆ ರಾತ್ರಿ ಎಲ್ಲ ಸರಿಹೋಯಿತು ಎಂದರೆ ಕಥೆ ಚಂದ ಇರುತ್ತದೆ. ಸರಿಹೋಗಲಿಲ್ಲ. ಜನವರಿಯಲ್ಲಿ ಮತ್ತೆ ಮೀಟಿಂಗ್, ಮತ್ತೆ ಅದೇ ಜಗಳ. ಕೊನೆಗೆ ತಿಂಗಳಲ್ಲಿ ಎರಡು ವಾರ ಕನ್ನಡ, ಎರಡು ವಾರ ಇಂಗ್ಲಿಷ್ ಎಂದಾಯಿತು. ಮೂರು ಮನೆಯವರು ಆದರೂ ಹೋದರು. ಬೆಳೆಹಬ್ಬಕ್ಕೆ ಬರುತ್ತಾರೆ. ಪಾಲಿನ ಪಟ್ಟಿ ಹರಿದುಹಾಕಲಿಲ್ಲ, ಸೆಕ್ರೆಟರಿಯ ಫೈಲಿನಲ್ಲಿದೆ. ತಪಲೆಯ ಮುಂದಿನ ಜಾಗ ಈಗಲೂ ಖಾಲಿ.

ಕಥೆ ಕೇಳಿದ ಹುಡುಗರು, ಹಾಗಾದರೆ ನಿಮ್ಮನ್ನು ಒಟ್ಟಿಗೆ ಹಿಡಿದದ್ದು ಏನು ಆಂಟಿ, ವಿಶ್ವಾಸವೋ ಮಟನ್ನೋ ಎಂದು ಛೇಡಿಸುತ್ತಾರೆ. ವಿಶ್ವಾಸ ಎಲ್ಲರಿಗೂ ಇತ್ತು. ಅದೇ ವಿಶ್ವಾಸ ಇಟ್ಟುಕೊಂಡೇ ಅಲ್ಲವೇ ಅಕ್ಟೋಬರಿನಲ್ಲಿ ಪಾಲು ಪಟ್ಟಿ ಮಾಡಿದ್ದು? ನನ್ನ ಲೆಕ್ಕ ಇಷ್ಟೇ: ಕೊಡುವುದು ತೆಗೆದುಕೊಳ್ಳುವುದು ಪೂರ್ತಿ ಚುಕ್ತಾ ಆದವರು ಬಾಗಿಲು ಮುಚ್ಚಿಕೊಂಡು ಹೋಗಬಹುದು. ನಮ್ಮದು ಚುಕ್ತಾ ಆಗಲಿಲ್ಲ.

ಅಣ್ಣ ಈಗಲೂ ಎದುರು ಸಿಕ್ಕಾಗೆಲ್ಲ ಕೇಳುತ್ತಾರೆ, "ಅಕ್ಕಾರ, ನಂದು ನಾಲ್ಕು ಪೌಂಡ್ ಮಟನ್ ಬರಬೇಕಲ್ರೀ." ನಾನು ಇನ್ನೂ ಕೊಟ್ಟಿಲ್ಲ.