ಹೊನ್ನಾವರದ ನ್ಯಾಯಾಧಿಪತಿಗಳು

ವಕೀಲರೆಂದರೆ ನಮ್ಮ ಹೊಸ ಅಗ್ರಹಾರದ ಕಡೆಯ ರೈತರಿಗೆ ಆದರಕ್ಕಿಂತ ಅಂಜಿಕೆಯೇ ಅಧಿಕ. ಪಾಠಶಾಲೆಯಲ್ಲಿ ಮಿತಾಕ್ಷರೆಯ ವ್ಯವಹಾರಾಧ್ಯಾಯವನ್ನು ಓದಿದ ನನಗೂ ಕರಿಯ ನಿಲುವಂಗಿಯವರಲ್ಲಿ ವಿಶೇಷ ಪ್ರೀತಿಯೇನೂ ಇಲ್ಲ. ಆದರೂ ಒಬ್ಬ ವಕೀಲರ ಜೀವಿತವು ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದುಕೊಂಡಿದೆ. ಅವರು ಸರ್ ನಾರಾಯಣ ಗಣೇಶ ಚಂದಾವರ್ಕರರು. ಮುಂಬಯಿಯ ಮಹನೀಯರ ಸಾಲಿನಲ್ಲಿ ಇವರನ್ನು ಎಣಿಸಿ, ಕನ್ನಡನಾಡಿನಲ್ಲಿ ಹುಟ್ಟಿದವರೆಂಬುದನ್ನು ಮರೆತ ವಾಚಕರು ಅನೇಕರುಂಟು.

ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರದಲ್ಲಿ 1855ನೆಯ ಡಿಸೆಂಬರ್ 2ರಂದು ಇವರ ಜನನ. ಆಗ ಆ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು; 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಅಧಿಕಾರಿಗಳು ಭೂಪಟದಲ್ಲಿ ಎಳೆದ ಈ ಗೆರೆಯೇ ಕರಾವಳಿಯ ಎಷ್ಟೋ ಬಾಲಕರ ವಿದ್ಯಾಮಾರ್ಗವನ್ನು ಉತ್ತರಕ್ಕೆ ತಿರುಗಿಸಿತೆಂದು ನನ್ನ ಎಣಿಕೆ. ಚಂದಾವರ್ಕರರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1881ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರು. ‘ಇಂದುಪ್ರಕಾಶ’ ಪತ್ರಿಕೆಯ ಆಂಗ್ಲಭಾಗಕ್ಕೆ ಸಂಪಾದಕರೂ ಆಗಿದ್ದರು. 1885ರಲ್ಲಿ ಬಂಗಾಳದ ಮನಮೋಹನ ಘೋಷ್, ಮದರಾಸಿನ ರಾಮಸ್ವಾಮಿ ಮೊದಲಿಯಾರ್ ಇವರೊಡನೆ ವಿಲಾಯತಿಗೆ ಹೋಗಿ, ಅಲ್ಲಿಯ ಮತದಾರರ ಮುಂದೆ ಹಿಂದೂದೇಶದ ಅಹವಾಲನ್ನು ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸು ಜನ್ಮತಾಳಿತು. 1900ರಲ್ಲಿ ಲಾಹೋರಿನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. 1901ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧಿಪತಿಗಳು.

ನನಗೆ ತೊಡಕಾಗಿರುವುದು ಇಲ್ಲಿಂದ ಮುಂದೆ. ವಿನಾಯಕ ದಾಮೋದರ ಸಾವರ್ಕರರಿಗೆ 1910ರಲ್ಲಿ ಆಜೀವ ದ್ವೀಪಾಂತರ ಶಿಕ್ಷೆಯನ್ನು ವಿಧಿಸಿದ ಮೂವರ ವಿಶೇಷ ನ್ಯಾಯಪೀಠದಲ್ಲಿ, ಮುಖ್ಯ ನ್ಯಾಯಾಧಿಪತಿ ಸ್ಕಾಟ್ ಮತ್ತು ಹೀಟನ್ ಇವರೊಡನೆ ಚಂದಾವರ್ಕರರೂ ಇದ್ದರು. ಅವರಿಗೆ ‘ಸರ್’ ಪದವಿ ಬಂದುದೂ ಅದೇ ವರ್ಷ. ಸಾಕ್ಷ್ಯವನ್ನು ನೋಡಿ ತೀರ್ಪು ಹೇಳುವವನಿಗೆ ಸ್ವಪಕ್ಷವೂ ಇಲ್ಲ, ಪರಪಕ್ಷವೂ ಇಲ್ಲವೆಂದು ಇದಕ್ಕೆ ಸಮಾಧಾನ ಹೇಳಬಹುದು, ನಾನೂ ಒಪ್ಪುತ್ತೇನೆ. ಆದರೆ 1918ರಲ್ಲಿ ಬೀಚ್‌ಕ್ರಾಫ್ಟರೊಡನೆ ಕುಳಿತು, ಬಹಿರಂಗ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ 806 ಮಂದಿಯ ಕಡತಗಳನ್ನು ಪರೀಕ್ಷಿಸಿ, ಆರು ಮಂದಿಯ ಬಿಡುಗಡೆಗೆ ಮಾತ್ರ ಸಲಹೆ ಕೊಟ್ಟರಷ್ಟೆ, ಅದನ್ನು ಒಪ್ಪಲಾರೆ. ವ್ಯವಹಾರಕ್ಕೆ ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿಯೆಂದು ನಾಲ್ಕು ಪಾದಗಳನ್ನು ನಮ್ಮ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಕುಳಿತು ವಿವರಿಸಿದನು. ಪ್ರತಿವಾದಿಯ ಉತ್ತರವೂ ಸಾಕ್ಷಿಯ ಕ್ರಿಯೆಯೂ ತೆರೆದ ಸಭೆಯಲ್ಲಿ ನಡೆಯದಿರುವಾಗ ನಾಲ್ಕನೆಯ ಪಾದವು ನಿಲ್ಲುವುದೆಲ್ಲಿ? ಮಿತಾಕ್ಷರೆಯು ನಿತ್ಯವೂ ಉಲ್ಲೇಖಗೊಳ್ಳುತ್ತಿದ್ದ ಹೈಕೋರ್ಟಿನಿಂದ ಬಂದವರಿಗೆ ಇದು ತೋರಲಿಲ್ಲವೇ?

ಅವರು ಸರಕಾರದ ಮನುಷ್ಯರೆಂದು ಕೈತೊಳೆದುಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ಜಲಿಯನ್‌ವಾಲಾ ಬಾಗಿನ ಹತ್ಯೆಯ ವಿಷಯದಲ್ಲಿ ಹಂಟರ್ ಸಮಿತಿಯು ಕೊಟ್ಟ ವರದಿಯನ್ನು ಖಂಡಿಸಲು 1920ರಲ್ಲಿ ಮುಂಬಯಿಯಲ್ಲಿ ಸೇರಿದ ಸಭೆಗೆ ಅಧ್ಯಕ್ಷತೆ ವಹಿಸಿದವರೂ ಇವರೇ. ಇಂದೂರಿನ ದಿವಾನಗಿರಿ, ವಿಶ್ವವಿದ್ಯಾನಿಲಯದ ಉಪಕುಲಪತಿ ಸ್ಥಾನ, 1921ರ ಮುಂಬಯಿ ಶಾಸನಸಭೆಯ ಅಧ್ಯಕ್ಷಪದವಿ ಇವೆಲ್ಲ ಪದವಿಗಳು. ಅವನ್ನು ನಾನು ಬೆಳೆಸುವುದಿಲ್ಲ.

ರಾನಡೆಯವರ ಅನಂತರ ಪ್ರಾರ್ಥನಾಸಮಾಜದ ಭಾರವನ್ನು ಹೊತ್ತ ಚಂದಾವರ್ಕರರು, ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಅಸ್ಪೃಶ್ಯರೆನಿಸಿದವರ ವಿದ್ಯಾಭ್ಯಾಸಕ್ಕಾಗಿ ಸಂಸ್ಥೆಯನ್ನು ತೆರೆದಾಗ ಅದರ ಅಧ್ಯಕ್ಷರಾದರು. ಅಗ್ರಹಾರವೆಂಬ ಹೆಸರಿನ ಊರಿನವನಾದ ನನಗೆ ಆ ವರ್ಷದ ತೂಕವು ಚೆನ್ನಾಗಿ ತಿಳಿಯುತ್ತದೆ. ಹೈಕೋರ್ಟಿನ ಪೀಠದಿಂದಿಳಿದು ಆ ಮಕ್ಕಳ ಶಾಲೆಯ ಹೊಣೆಯನ್ನು ಹೊರುವವರು ಅಂದು ಎಷ್ಟು ಮಂದಿ ಇದ್ದರು?

1923ನೆಯ ಮೇ 14ರಂದು ಅವರು ದೇಹವಿಟ್ಟುದು ಮುಂಬಯಿಯಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ.